ಕೊಲ್ಲಿಗೆ ಬೆನ್ನು ಹಾಕಿ ಕೂತವಳು

ಆಗಸ್ಟ್ 3, ಭಾನುವಾರ

ನಾಳೆಯಿಂದ ನಾನು ಬಾಯಿ. ಬಂದರಿನವರ ಭಾಷೆಯಲ್ಲಿ ಹಾಗೇ ಹೇಳುತ್ತಾರಂತೆ. ಗುಡ್ಡದ ಮೇಲಿನ ಕಾವಲು ಕೋಣೆಯಲ್ಲಿ ಇಬ್ಬರು ಕೂರಬೇಕು. ದುರ್ಬೀನು ಹಿಡಿದು ಕೊಲ್ಲಿ ನೋಡುವವರು ಕಣ್ಣು, ಅವರು ಹೇಳಿದ್ದನ್ನು ವಾಕಿಟಾಕಿಯಲ್ಲಿ ಕೆಳಗೆ ತಲುಪಿಸುವವರು ಬಾಯಿ. ಅಕ್ಕ ಅಲ್ಲಿ ಎಷ್ಟೋ ವರ್ಷ ಕಣ್ಣಾಗಿದ್ದಳು. ಬಾಯಿಯ ಕೆಲಸವನ್ನೂ ಬಹುಪಾಲು ಅವಳೇ ಮಾಡುತ್ತಿದ್ದಳು ಅನ್ನುವುದು ಬೇರೆ ಮಾತು. ಅವಳ ಪಕ್ಕ ಕೂತವರಿಗೆ ಮಾತಾಡಲು ಸಂದು ಸಿಕ್ಕಿದ್ದನ್ನು ನಾನಂತೂ ಕಾಣೆ.

ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಆ ಅಕ್ಕನ ಮಾತೇ ಹೋಯಿತು. ಕಾಲಿಗೆ ಬಲ ಬಂದಿದೆ, ಕೋಲು ಹಿಡಿದು ಗುಡ್ಡ ಹತ್ತುತ್ತಾಳೆ. ದೃಷ್ಟಿಗೆ ಏನೂ ಆಗಿಲ್ಲ. ಮಾತು ಮಾತ್ರ ಗಂಟಲ ತನಕ ಬಂದು ದಾರಿ ತಪ್ಪುತ್ತದೆ. ಕಿಟಕಿ ಅನ್ನಬೇಕಾದಲ್ಲಿ ಬಾಚಣಿಗೆ ಅನ್ನುತ್ತಾಳೆ. ಹೌದು ಅನ್ನಬೇಕಾದಲ್ಲಿ ಎಷ್ಟೋ ಸಲ ಇಲ್ಲ ಅನ್ನುತ್ತಾಳೆ. "ಸಾಕು, ಸುಮ್ನಿರೇ" ಅನ್ನುವುದೊಂದು ಮಾತ್ರ ಚೂರೂ ತೊಡಕಿಲ್ಲದೆ, ಮೊದಲಿನ ಗತ್ತಿನಲ್ಲೇ ಬರುತ್ತದೆ. ಮೇಲಿನವನು ಏನನ್ನು ಉಳಿಸಬೇಕು ಅಂತ ನೋಡಿಯೇ ಉಳಿಸಿದ್ದಾನೆ.

ಹೋದ ತಿಂಗಳು ನಾನು ಅಕ್ಕನನ್ನು ನೋಡಲು ಬಂದಿದ್ದಾಗ ಬಂದರಿನ ಸಾಹೇಬರು ಮನೆಗೆ ಬಂದಿದ್ದರು. "ತಿಮಿಂಗಿಲ ಬರೋ ಕಾಲ ಮುಗಿಯೋವರೆಗೆ ಕೂತು ನೋಡಲಿ. ಪಕ್ಕದಲ್ಲಿ ನೀವಿರಿ. ಸರಿ ಹೋದ್ರೆ ಮುಂದುವರಿಸೋಣ. ಇಲ್ಲಾಂದ್ರೆ..." ಅಂತ ನಿಲ್ಲಿಸಿದರು. ಉಳಿದದ್ದನ್ನು ನಾನೇ ಪೂರ್ತಿ ಮಾಡಿಕೊಂಡೆ. ಆ ಕುರ್ಚಿ ಹೋದರೆ ಅಕ್ಕ ಈ ಮನೆಯ ಗೋಡೆ ನೋಡುತ್ತಾ ಕೂರುತ್ತಾಳೆ. ಹಾಗೆ ಕೂತರೆ ಹೆಚ್ಚು ದಿನ ಉಳಿಯುವವಳಲ್ಲ. ಸಂಬಳವಿಲ್ಲದ ರಜೆ ಬರೆದುಕೊಟ್ಟು ಬಂದದ್ದು ಅದಕ್ಕೇ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು, ಅದನ್ನು ಬೇರೆ ಯಾರಾದರೂ ತಿದ್ದಿಯಾರು.

ಅಕ್ಕನಿಗೆ ನಾಳೆಯ ಬಗ್ಗೆ ಅಂಜಿಕೆ ಇದೆ. ನನ್ನ ಮೇಲೆ ಭಾರ ಹಾಕಿದೆನಲ್ಲಾ ಅಂತ ಬೇಸರವೂ ಇದೆ. ಅವಳೇನೂ ಹೇಳಲಿಲ್ಲ, ನನಗೆ ಗೊತ್ತಾಗುತ್ತದೆ.

ಆಗಸ್ಟ್ 6, ಬುಧವಾರ

ಕಾವಲು ಕೋಣೆಯಲ್ಲಿ ನನ್ನ ಸ್ಟೂಲು ಗೋಡೆಗೆ ಮುಖ ಮಾಡಿದೆ. ಬಾಯಿ ಕೊಲ್ಲಿ ನೋಡಬಾರದು. ಈ ನಿಯಮ ಮಾಡಿದ್ದು ಅಕ್ಕನೇ, ಮಾತು ಇದ್ದ ಕಾಲದಲ್ಲಿ. ಇಬ್ಬರೂ ನೋಡಿದರೆ ಎರಡು ಲೆಕ್ಕ ಹುಟ್ಟುತ್ತವೆ, ಆಮೇಲೆ ಬಾಯಿ ತಾನು ಕಂಡದ್ದನ್ನೇ ಹೇಳಲು ಶುರು ಮಾಡುತ್ತದೆ. ಹಾಗಾಗಿ ಎಲ್ಲೆಲ್ಲಿಂದಲೋ ಜನ ತಿಮಿಂಗಿಲ ನೋಡಲು ಈ ಊರಿಗೆ ಬಂದರೆ, ನಾನು ಅವಕ್ಕೆ ಬೆನ್ನು ಹಾಕಿ ಕೂತು ಗೋಡೆಯ ಬಿರುಕಿನಲ್ಲಿ ನದಿಗಳನ್ನು ಕಾಣುತ್ತಿದ್ದೇನೆ.

ಕೆಲಸ ಹೀಗೆ. ಕೊಲ್ಲಿಯೊಳಗೆ ಹೊಸ ಹಡಗುಕಟ್ಟೆ ಕಟ್ಟುತ್ತಿದ್ದಾರೆ. ಉಕ್ಕಿನ ಕಂಬಗಳನ್ನು ನೀರಿನ ತಳಕ್ಕೆ ಬಡಿದು ಇಳಿಸುವ ಯಂತ್ರವಿದೆ, ಎಲ್ಲರೂ ಅದನ್ನು ಸುತ್ತಿಗೆ ಅನ್ನುತ್ತಾರೆ. ಗೂನುಬೆನ್ನಿನ ತಿಮಿಂಗಿಲಗಳು ಮರಿ ಕಟ್ಟಿಕೊಂಡು ಇಲ್ಲಿ ಸುಧಾರಿಸಿಕೊಳ್ಳಲು ಬರುತ್ತವೆ, ಹೊರಗಿನ ಅಲೆ ಒಳಗೆ ಬರುವುದಿಲ್ಲವಲ್ಲ. ಅವು ಒಳಗಿರುವಾಗ ಸುತ್ತಿಗೆ ಬಿದ್ದರೆ ಆ ಸದ್ದಿಗೆ ಕಿವಿ ಹಾಳಾಗುತ್ತದಂತೆ. ಕಿವಿ ಹೋದರೆ ದಿಕ್ಕು ಹೋದಂತೆ. ಅದಕ್ಕೆ ಎರಡು ಬಂಡೆಗಳ ನಡುವಿನ ದಾರಿಯಲ್ಲಿ, ಬಾಗಿಲು ಅನ್ನುತ್ತಾರೆ ಅದಕ್ಕೆ, ಎಷ್ಟು ಒಳಗೆ ಬಂದವು, ಎಷ್ಟು ಹೊರಗೆ ಹೋದವು ಅನ್ನುವುದನ್ನು ಹೇಳಬೇಕು. ಎಲ್ಲ ಹೊರಗೆ ಹೋದ ಮೇಲೇ ಸುತ್ತಿಗೆ.

ಇವತ್ತು ಒಂದು ತಾಯಿ, ಒಂದು ಮರಿ ಬಂದು ಹೋದವು. ಬೆನ್ನ ಹಿಂದೆ ಉಸಿರು ಬಿಟ್ಟ ಸದ್ದು ಕೇಳಿಸಿತು. ದೊಡ್ಡದೊಂದು ಉಸಿರು, ಆಮೇಲೆ ಚಿಕ್ಕದು. ಬಹಳ ದೂರ ನಡೆದು ಬಂದವರು ಚಪ್ಪಲಿ ಬಿಟ್ಟು ಕೂತಾಗ ಬಿಡುವ ಉಸಿರಿನ ಹಾಗೆ.

ಆಗಸ್ಟ್ 9, ಶನಿವಾರ

ಮಾತಿನ ಟೀಚರು ಬಂದಿದ್ದಳು. ಆಸ್ಪತ್ರೆಯವರು ಕಳಿಸುವ ಹುಡುಗಿ, ಚೂಟಿ. ಅಕ್ಕನ ಎದುರು ಕೂತು, "ಮಧ್ಯಾಹ್ನ ಏನು ಊಟ ಮಾಡಿದ್ರಿ?" ಅಂತ ಕೇಳಿದಳು.

"ಸೂಪು, ಬ್ರೆಡ್ಡು" ಅಂದೆ.

"ನಾನು ಅವರನ್ನ ಕೇಳಿದೆ ಮೇಡಂ."

"ಅವಳಿಗೆ ಇವತ್ತು ಸುಸ್ತು."

"ಅವರು ಹೇಳಿದ್ರಾ?"

"ಹೇಳಬೇಕಾ? ನನ್ನ ಅಕ್ಕ ಅವಳು."

ಟೀಚರು ಪುಟ್ಟ ಮಕ್ಕಳಿಗೆ ನಗುವ ಹಾಗೆ ನನಗೆ ನಕ್ಕಳು. ಅಂಕಿಗಳನ್ನು ಹೇಳಿಸಿದಳು. ನೇರವಾಗಿ ನಾಲ್ಕು ಅನ್ನಲು ಅಕ್ಕನಿಗೆ ಬರುವುದಿಲ್ಲ. ಒಂದು, ಎರಡು, ಮೂರು ಅಂತ ಮೆಟ್ಟಿಲು ಹತ್ತಿ ನಾಲ್ಕಕ್ಕೆ ಬಂದು ನಿಲ್ಲಬೇಕು. ಬೆರಳು ತೋರಿಸಿ ಅಂದರೆ ಐದನ್ನೂ ಬಿಚ್ಚಿ ನಿಲ್ಲುತ್ತಾಳೆ. ನಾಲಿಗೆಯ ಕಾಯಿಲೆ ಬೆರಳಿಗೂ ಅಂಟಿದೆ. "ಮೆಟ್ಟಿಲು ಹತ್ತೋಕೆ ಬಿಡಿ, ಬೇಗ ಬೇಕು ಅಂತ ಎತ್ತಿಕೊಳ್ಳಬೇಡಿ" ಅಂತ ನನಗೆ ಪಾಠ. ಅವಳಿಗೇನು, ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ದಿನವಿಡೀ ಕಾಯುವವರ ಕಷ್ಟ ಗೊತ್ತಿಲ್ಲ.

ಸಂಜೆ ಅಂಗಡಿಯಲ್ಲಿ ಎಷ್ಟು ಮೊಟ್ಟೆ ಅಂತ ಕೇಳಿದಾಗ ಅಕ್ಕ "ಒಂದು, ಎರಡು" ಶುರು ಮಾಡಿದಳು. ಹಿಂದೆ ಸಾಲು ನಿಂತಿತ್ತು. ಆರು ಕೊಡಿ ಅಂದುಬಿಟ್ಟೆ. ಮನೆ ತನಕ ಅಕ್ಕ ನನ್ನ ಜೊತೆ ಹೆಜ್ಜೆ ಹಾಕಲಿಲ್ಲ. ಕಾಲು ನೋವಿರಬೇಕು.

ಆಗಸ್ಟ್ 17, ಭಾನುವಾರ

ಕೆಲಸ ಕೈಗೆ ಹತ್ತಿದೆ. ಈಗ ಅಕ್ಕ ಉಸಿರೆಳೆದುಕೊಂಡರೆ ಸಾಕು, ಏನು ಹೇಳುತ್ತಾಳೆ ಅನ್ನುವುದು ನನಗೆ ತಿಳಿಯುತ್ತದೆ. ಕೆಳಗೆ ಸುತ್ತಿಗೆಯ ಇಂಜಿನಿಯರು, "ನೀವು ಬಂದ ಮೇಲೆ ಸುದ್ದಿ ಬೇಗ ಬರ್ತಿದೆ ಮೇಡಂ" ಅಂದರು. ಅವರು ಬೇರೆ ದೇಶಕ್ಕೆ ಹೊರಟವರ ಹಾಗೆ ಯಾವಾಗಲೂ ಗಡಿಬಿಡಿಯಲ್ಲಿರುತ್ತಾರೆ. ಹೊಗಳಿಕೆ ಕೇಳಿ ಖುಷಿಯಾಯಿತು.

ಅಕ್ಕ ಮಾತ್ರ ಸಿಡಿಮಿಡಿ. ಕವಿತೆಯ ಪುಸ್ತಕ ತೆಗೆದು ಅವಳಿಗೆ ಓದಿ ಹೇಳಿದರೆ, "ಸಾಕು, ಸುಮ್ನಿರೇ." ಮೊದಲಿನಿಂದಲೂ ಅವಳಿಗೆ ಕವಿತೆ ಆಗದು. ಸಾಲಿನ ಮುಂದೆ ಅಷ್ಟು ಜಾಗ ಖಾಲಿ ಬಿಟ್ಟರೆ ಕಾಗದ ದಂಡ ಅನ್ನುತ್ತಿದ್ದಳು.

ಆಗಸ್ಟ್ 25, ಸೋಮವಾರ

ತಲೆನೋವು. ಗೋಡೆ. ತಿಮಿಂಗಿಲ ಇಲ್ಲ, ದಿನವಿಡೀ ಸುತ್ತಿಗೆ.

ಸೆಪ್ಟೆಂಬರ್ 2, ಮಂಗಳವಾರ. ಮಧ್ಯಾಹ್ನ, ಕಾವಲು ಕೋಣೆಯಲ್ಲಿ

ಬೆಳಿಗ್ಗೆ ನಾವು ಬಂದು ಕೂತ ಸ್ವಲ್ಪ ಹೊತ್ತಿಗೇ ಅಕ್ಕ ನನ್ನ ಭುಜ ತಟ್ಟಿದಳು. "ಅಮ್ಮ... ಮರಿ..." ಅಂದಳು. ಎಷ್ಟು ಸಲೀಸಾಗಿ ಬಂತು. ನಾನು ವಾಕಿಟಾಕಿ ಎತ್ತಿಕೊಂಡೆ. ಅವಳು "ಒಂದು... ಎರಡು..." ಅಂದಳು. ಗುಂಡಿ ಒತ್ತಿ, "ಬಾಗಿಲಿನಿಂದ ಒಳಗೆ ಎರಡು, ತಾಯಿ ಮತ್ತು ಮರಿ" ಅಂದೆ. ಇಂಜಿನಿಯರು ಸುತ್ತಿಗೆ ನಿಲ್ಲಿಸಿದರು.

ಇಷ್ಟು ಚೊಕ್ಕವಾಗಿ ಯಾವತ್ತೂ ಆಗಿರಲಿಲ್ಲ. ಆದರೆ ಅಕ್ಕ ಕೋಲಿನಿಂದ ನೆಲ ಕುಟ್ಟಿದಳು. "ಸಾಕು, ಸುಮ್ನಿರೇ, ಸಾಕು" ಅಂದಳು. "ಇಲ್ಲ, ಇಲ್ಲ" ಅಂದಳು. ಬೆಳಗಿನ ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದಿರಬೇಕು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರೆ ಲೋಟ ದೂಡಿದಳು. ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ದುರ್ಬೀನಿಗೆ ಕಣ್ಣು ಅಂಟಿಸಿ ಕೂತಿದ್ದಾಳೆ. ಕೂರಲಿ. ದೊಡ್ಡವರು ಮಕ್ಕಳಾದಾಗ ಹೀಗೆಯೇ.

ಸುತ್ತಿಗೆ ನಿಂತ ಮೇಲೆ ಎಂಥ ನಿಶ್ಶಬ್ದ. ಒಂದು ಉಸಿರು ಕೇಳಿತು, ಇನ್ನೊಂದು ಕೇಳಿತು. ಗಾಳಿ ಏಳುತ್ತಿದೆ.

ಅದೇ ದಿನ, ಮನೆಯಲ್ಲಿ

ಅಕ್ಕ ಮಲಗಿದ್ದಾಳೆ, ಈಗ ಬರೆಯಬಹುದು.

ಮಧ್ಯಾಹ್ನ ಮೂರರ ಮೇಲೆ ಅಕ್ಕ "ಹೊರಗೆ" ಅಂದಳು. "ಅಮ್ಮ. ಮರಿ. ಹೊರಗೆ." ನಾನು ಕೆಳಗೆ ತಿಳಿಸಿದೆ: "ಎರಡೂ ಹೊರಗೆ ಹೋದವು." ಇಂಜಿನಿಯರು ಇಡೀ ದಿನ ಕಾದು ಕಂಗೆಟ್ಟಿದ್ದರು. "ಹಾಗಾದ್ರೆ ಶುರು ಮಾಡ್ತೀವಿ" ಅಂದರು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅವಳ ಎಡಗೈಗೆ ಇಷ್ಟು ಬಲವಿದೆ ಅಂತ ಗೊತ್ತಿರಲಿಲ್ಲ.

"ಇಲ್ಲ" ಅಂದಳು.

"ಇಲ್ಲ ಅಂದ್ರೆ ಹೌದಾ, ಇಲ್ವಾ?"

"ಇಲ್ಲ. ಬಾಚಣಿಗೆ. ಥೂ." ಅವಳ ಕಣ್ಣಲ್ಲಿ ನೀರು. "ಒಂದು..."

ಸುಸ್ತಾಗಿದೆ ಅವಳಿಗೆ, ಮನೆಗೆ ಕರೆದುಕೊಂಡು ಹೋಗಬೇಕು ಅಂದುಕೊಂಡೆ. ಎರಡೂ ಹೋದವಲ್ಲ ಅಕ್ಕ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಸೈರನ್ ಕೂಗಿತು. ಸುತ್ತಿಗೆ ಬೀಳುವ ಮೊದಲು ದೋಣಿಯವರಿಗೆ ಎಚ್ಚರಿಕೆ ಕೊಡುವ ಸೈರನ್. ಅದು ಕೂಗುವಾಗ ಪಕ್ಕದಲ್ಲಿದ್ದವರ ಕಿವಿಗೆ ಬಾಯಿಟ್ಟು ಅರಚಿದರೂ ಕೇಳಿಸುವುದಿಲ್ಲ. ಬೇರೆ ದಾರಿ ಇರಲಿಲ್ಲ, ಸುಮ್ಮನೆ ಅವಳ ಮುಖ ನೋಡುತ್ತಾ ನಿಂತೆ. ತುಟಿ ಒಂದು ಅಂದಿತು. ತಡೆಯಿತು. ಎರಡು ಅಂದಿತು. ತಡೆಯಿತು. ನನ್ನ ನಾಲಿಗೆ ತುದಿಯಲ್ಲಿ ಎಲ್ಲವೂ ಮುಗಿದಿತ್ತು, ಅವಳದು ಮುಗಿದಿರಲಿಲ್ಲ. ತುಟಿ ಮುಚ್ಚಿತು, ನಡುಗಿತು, ಮತ್ತೆ ತೆರೆಯಿತು. ಸೈರನ್ ನಿಂತ ಮೇಲೆ ಬಂತು ಮಾತು.

"ಮೂರು."

ಬೆಳಿಗ್ಗೆಯೂ ಅವಳು ಮೆಟ್ಟಿಲು ಹತ್ತುತ್ತಿದ್ದಳು. ಎರಡನೆಯದರಲ್ಲೇ ಗುಂಡಿ ಒತ್ತಿದವಳು ನಾನು.

"ನಿಲ್ಲಿಸಿ" ಅಂದೆ ವಾಕಿಟಾಕಿಯಲ್ಲಿ. "ಸುತ್ತಿಗೆ ಬಿಡಬೇಡಿ. ಒಳಗೆ ಬಂದದ್ದು ಮೂರು. ಇನ್ನೊಂದು ಒಳಗಿದೆ."

"ನೀವೇ ಎರಡು ಅಂದ್ರಿ."

"ತಪ್ಪು ಹೇಳಿದೆ."

"ಈಗ ಕಾಣ್ತಿದೆಯಾ?"

ಅಕ್ಕನನ್ನು ನೋಡಿದೆ. ಅವಳು ತಲೆ ಅಲ್ಲಾಡಿಸಿ ದುರ್ಬೀನು ಎತ್ತಿಕೊಂಡಳು. ಗಾಳಿಗೆ ಕೊಲ್ಲಿ ತುಂಬ ಬಿಳಿ ನೊರೆ ಎದ್ದಿರಬೇಕು, ಅದರಲ್ಲಿ ಉಸಿರಿನ ಬುಗ್ಗೆ ಯಾವುದು, ನೊರೆ ಯಾವುದು?

"ಕಾಣ್ತಿಲ್ಲ. ಆದ್ರೆ ಇದೆ."

"ನೀವು ನೋಡಿದ್ರಾ ಮೇಡಂ?"

"ನಾನು ನೋಡೋ ಹಾಗಿಲ್ಲ. ಅಕ್ಕ ನೋಡಿದ್ದಾಳೆ."

ಆ ಕಡೆ ಒಂದು ನಿಟ್ಟುಸಿರು. ಆಮೇಲೆ, ಯಾರಿಗೋ ಹೇಳಿದ್ದು ನನಗೂ ಕೇಳಿಸಿತು: "ಮಾತೇ ಬಾರದವರನ್ನ ತಂದು ಕೂರಿಸಿದ್ರೆ ಇನ್ನೇನಾಗತ್ತೆ." ಅಕ್ಕನಿಗೂ ಕೇಳಿಸಿತು. ಅವಳು ದುರ್ಬೀನು ಇಳಿಸಲಿಲ್ಲ.

"ತಪ್ಪು ಅಕ್ಕನದಲ್ಲ" ಅಂದೆ. "ಅವಳು ಬೆಳಿಗ್ಗೆಯೇ ಸರಿಯಾಗಿ ಹೇಳ್ತಿದ್ದಳು. ಪೂರ್ತಿ ಕೇಳದೆ ನಡುವೆ ಬಾಯಿ ಹಾಕಿದ್ದು ನಾನು. ಬೇಕಾದ್ರೆ ಸಾಹೇಬರಿಗೂ ಇದನ್ನೇ ಹೇಳ್ತೀನಿ."

"ಒಂದು ಗಂಟೆ ಕಾಯ್ತೀನಿ. ಅಷ್ಟೇ."

ಕಾದೆವು. ಇಂಥ ಹೊತ್ತನ್ನು ಹೇಗೆ ಬರೆಯುವುದು? ಗೋಡೆಯ ಬಿರುಕು ನೋಡಿದೆ. ನಿಜಕ್ಕೂ ಮೂರಿತ್ತೇ, ಅಥವಾ ಅವಳ ಮೆಟ್ಟಿಲು ಒಂದು ಹೆಚ್ಚಾಯಿತೇ? ಮೂರನೆಯದು ನಾವು ಕಾಣದಂತೆ ಯಾವಾಗಲೋ ಹೊರಗೆ ಹೋಗಿದ್ದರೆ? ಒಂದು ಗಂಟೆಯೊಳಗೆ ಏನೂ ಮೇಲೆ ಬರದಿದ್ದರೆ ಇವತ್ತಿಗೆ ಕುರ್ಚಿ ಹೋಯಿತು, ಅದೂ ನನ್ನ ಕೈಯಿಂದ. ತಿರುಗಿ ನೋಡಿಬಿಡಲೇ ಅಂತ ಕತ್ತು ನೋಯುವಷ್ಟು ಆಸೆಯಾಯಿತು. ತಿರುಗಲಿಲ್ಲ. ಅಕ್ಕನನ್ನು ಏನೂ ಕೇಳಲೂ ಇಲ್ಲ. ಗಾಳಿ ಕೋಣೆಯ ಕದವನ್ನು ಬಡಿಯುತ್ತಿತ್ತು. ಇಂಜಿನಿಯರು ನಡುವೆ ಒಮ್ಮೆ, "ಏನಾದ್ರೂ?" ಅಂದರು. "ಹೇಳಿದಾಗ ಹೇಳ್ತೀನಿ" ಅಂದೆ.

ಮೊದಲು ಕೇಳಿದ್ದು ಕೆಳಗಿನಿಂದ ಬಂದ ಗಲಾಟೆ, ಕೆಲಸಗಾರರೆಲ್ಲ ಒಟ್ಟಿಗೆ ಕೂಗಿದ್ದು. ವಾಕಿಟಾಕಿ ಗರಗರ ಅಂದಿತು.

"ನಮ್ಮ ಪಕ್ಕದಲ್ಲೇ ಇದೆ" ಅಂದರು ಇಂಜಿನಿಯರು. ದನಿ ಸಣ್ಣಗಾಗಿತ್ತು. "ಕಂಬದ ಹತ್ತಿರ. ಉಸಿರು ಬಿಟ್ಟಿತು, ನಮ್ಮ ಬಟ್ಟೆಯೆಲ್ಲ ಒದ್ದೆ."

ಅಕ್ಕ ನನ್ನ ಭುಜ ಹಿಡಿದು ಸ್ಟೂಲಿನ ಸಮೇತ ತಿರುಗಿಸಿದಳು.

"ನೋಡು" ಅಂದಳು.

ನೋಡಿದೆ. ಮೊದಲು ನೀರು ಉಬ್ಬಿದ ಹಾಗೆ ಕಂಡಿತು. ಆಮೇಲೆ ಆ ಉಬ್ಬೇ ಬೆನ್ನಾಯಿತು. ಕಪ್ಪು ಬೆನ್ನು, ಮೇಲೊಂದು ಗಿಡ್ಡ ಗೂನು, ಬರುತ್ತಲೇ ಇದೆ, ಮುಗಿಯುವುದೇ ಇಲ್ಲ. ಪಕ್ಕದಲ್ಲಿ ಒಂದು ಉದ್ದನೆಯ ಬಿಳಿ ರೆಕ್ಕೆ ನೀರಿನಡಿಯಲ್ಲಿ ಹಸಿರಾಗಿ ಹೊಳೆಯಿತು. ಅಷ್ಟು ದೊಡ್ಡ ಜೀವಕ್ಕೆ ಚೂರೂ ಗಡಿಬಿಡಿ ಇಲ್ಲ. ತನ್ನ ಪಕ್ಕದಲ್ಲಿ ಯಂತ್ರವಿದೆ, ಮನುಷ್ಯರಿದ್ದಾರೆ, ಒಂದು ಗಂಟೆಯ ಗಡುವು ಇದೆ, ಯಾವುದೂ ಅದಕ್ಕೆ ಗೊತ್ತಿಲ್ಲ. ಕೊನೆಗೆ ಬಾಲ ಎತ್ತಿತು. ಬಾಲದಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಹಾಗೇ ಸ್ವಲ್ಪ ತಡೆದು ನೀರಿನೊಳಕ್ಕೆ ಜಾರಿತು, ಸದ್ದೇ ಇಲ್ಲದೆ. ಅದು ಇಳಿದ ಜಾಗ ಎಣ್ಣೆ ಸವರಿದ ಹಾಗೆ ನುಣ್ಣಗೆ ಉಳಿಯಿತು.

ನನಗೆ ನಗು ಬಂತು. ಅಳುವೂ ಬಂದಿರಬೇಕು, ಅಕ್ಕ ತನ್ನ ಸೆರಗಿನ ತುದಿ ಕೊಟ್ಟಳು.

ಸಂಜೆಯೊಳಗೆ ಅದು ಬಾಗಿಲು ದಾಟಿತು. ನಾನು ಆಗ ಮತ್ತೆ ಗೋಡೆ ನೋಡುತ್ತಿದ್ದೆ. ಅಕ್ಕ, "ಹೊರಗೆ" ಅಂದಳು. ಕಾದೆ. "ಮೂರು" ಅಂದಳು. ಕಾದೆ. "ಹೇಳು" ಅಂದಳು. ಹೇಳಿದೆ. ಇಂಜಿನಿಯರು, "ಇವತ್ತಿಗೆ ಸಾಕು, ನಾಳೆ ಬಡಿಯೋಣ" ಅಂದರು.

ಮನೆಗೆ ಬಂದು ಇಬ್ಬರೂ ಬ್ರೆಡ್ಡಿಗೆ ಏನೂ ಸವರದೆ ತಿಂದೆವು. ಇಷ್ಟು ರುಚಿಯ ಊಟ ಮಾಡಿ ಬಹಳ ದಿನವಾಗಿತ್ತು.

ಸೆಪ್ಟೆಂಬರ್ 4, ಗುರುವಾರ

ಸಾಹೇಬರ ಕಚೇರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತಾ ಕೇಳಿದರು. "ಕಾಲ ಮುಗೀಲಿ, ಆಮೇಲೆ ಮಾತಾಡೋಣ" ಅಂದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

ಇಂಜಿನಿಯರು ಗುಡ್ಡ ಹತ್ತಿ ಬಂದಿದ್ದರು, ಏದುಸಿರು ಬಿಡುತ್ತಾ. ಅಕ್ಕನ ಎದುರು ನಿಂತು, "ಮೊನ್ನೆ ನಾನು ಆಡಿದ ಮಾತು ಸರಿಯಿರಲಿಲ್ಲಮ್ಮ" ಅಂದರು. ಅಕ್ಕ ಕೋಲಿನಿಂದ ನನ್ನ ಸ್ಟೂಲು ತೋರಿಸಿದಳು.

"ಕೂತ್ಕೋ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಚಣಿಗೆ" ಅಂದಳು. ಕಾಫಿಯೋ, ಕುರ್ಚಿಯೋ, ಕಿಟಕಿಯೋ? ಕಾದೆ. "ಕಾಫಿ" ಅಂದಳು.

ಸೆಪ್ಟೆಂಬರ್ 13, ಶನಿವಾರ

ಮಾತಿನ ಟೀಚರು ಬಂದಳು. ನಾನು ಅಡುಗೆಮನೆಯಲ್ಲೇ ಇದ್ದೆ, ಪಾತ್ರೆ ಬಹಳ ಬಿದ್ದಿತ್ತು. ಹೋಗುವಾಗ ಅವಳು, "ಈ ವಾರ ಏನು ಮಾಡಿದ್ರಿ ಮೇಡಂ? ಅಕ್ಕ ಎಷ್ಟು ಮಾತಾಡಿದ್ರು" ಅಂದಳು. ಏನೂ ಮಾಡಿಲ್ಲ ಅಂದೆ. ನಿಜವೇ, ಏನೂ ಮಾಡಿಲ್ಲ.

ಅಂಗಡಿಯಲ್ಲಿ ಅಕ್ಕ ನಾಲ್ಕು ಮೊಟ್ಟೆ ತೆಗೆದುಕೊಂಡಳು. ನಾಲ್ಕೇ ಯಾಕೆ ಅಂತ ಕೇಳಿದೆ. "ಆರು... ಹಾಳು" ಅಂದಳು. ಇಬ್ಬರಿಗೆ ಆರು ಹೆಚ್ಚು, ಕೆಟ್ಟುಹೋಗುತ್ತವೆ ಅಂತ ಇರಬೇಕು. ಇಲ್ಲವೂ ಇರಬಹುದು.

ಎರಡು ತಾಯಿ, ಎರಡು ಮರಿ ಬಂದು ಹೋದವು. ಇವತ್ತು ಬಹಳ ದಿನಗಳ ನಂತರ ನನ್ನಷ್ಟಕ್ಕೆ ಕವಿತೆ ಓದಿದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಲು ಅವಸರವಾಗಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಒಂದು ವಾರದಿಂದ ತಿಮಿಂಗಿಲ ಇಲ್ಲ. ಎಲ್ಲ ತಣ್ಣೀರಿನ ಕಡೆ ಹೊರಟುಹೋಗಿವೆಯಂತೆ. ಕಾಲ ಮುಗಿಯಿತು.

ಬೆಳಿಗ್ಗೆ ಸಾಹೇಬರು ಗುಡ್ಡಕ್ಕೇ ಬಂದರು. ನಾನು ಸ್ಟೂಲಿನಿಂದ ಎದ್ದು ನಿಂತೆ. ಅಕ್ಕನಿಗೆ ಏನಾಗುತ್ತಿತ್ತೋ ಗೊತ್ತಿಲ್ಲ, ಅವಳು ದುರ್ಬೀನಿನ ಗಾಜು ಒರೆಸುತ್ತಿದ್ದಳು.

"ಮುಂದಿನ ವರ್ಷವೂ ನೀವೇ ಕೂತ್ಕೊಳ್ಳಿ" ಅಂದರು ಸಾಹೇಬರು, ಅಕ್ಕನಿಗೆ. "ಅಲ್ಲೀತನಕ ದೋಣಿಗಳ ಮೇಲೆ ಕಣ್ಣಿಡೋ ಕೆಲಸ ಇದ್ದೇ ಇದೆ. ಕುರ್ಚಿ ನಿಮ್ಮದೇ. ತಂಗಿಯವರೂ ಹೀಗೇ ಜೊತೆಗಿರ್ತಾರೆ, ಅಲ್ವಾ?"

ಕೊನೆಯ ಮಾತು ಕೇಳಿದ್ದು ನನ್ನನ್ನೋ ಅಕ್ಕನನ್ನೋ ತಿಳಿಯಲಿಲ್ಲ. ಇರ್ತೀನಿ ಅನ್ನಬೇಕು. ಅವಳನ್ನು ಬಿಟ್ಟು ಹೇಗೆ ಹೋಗಲಿ? ಆದರೆ ಹದಿನೈದು ದಿನದಿಂದ ನನ್ನ ಮನೆಯ ಮಂಚ, ದೀಪ, ತಿದ್ದದೆ ಬಿಟ್ಟ ಕರಡಿನ ಕಟ್ಟು ಕಣ್ಣ ಮುಂದೆ ಬರುತ್ತಿದ್ದವು. ಅದನ್ನು ಇಲ್ಲಿಯೂ ಬರೆದಿರಲಿಲ್ಲ.

ಅಕ್ಕ ದುರ್ಬೀನು ಕೆಳಗಿಟ್ಟಳು.

"ಇವಳು... ಬೇಡ" ಅಂದಳು.

ಸಾಹೇಬರಿಗೆ ಗಲಿಬಿಲಿ. "ಯಾಕಮ್ಮ?"

"ಅವಸರ."

ಸಾಹೇಬರು ಕೆಮ್ಮುವ ನೆಪದಲ್ಲಿ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಅಕ್ಕ ಇನ್ನೂ ಮುಗಿಸಿರಲಿಲ್ಲ. ತುಟಿ ಏನನ್ನೋ ಹುಡುಕುತ್ತಿತ್ತು. ನಾವಿಬ್ಬರೂ ಕಾದೆವು. ಕೆಳಗೆ ಸುತ್ತಿಗೆ ಒಂದಾದ ಮೇಲೊಂದು ಬೀಳುತ್ತಿತ್ತು.

"ಅವಳಿಗೆ" ಅಂದಳು. ತಡೆದಳು. "ಅವಳ... ಮನೆ. ಕೆಲಸ." ಮತ್ತೆ ತಡೆದಳು. "ಕಳಿಸಿ."

"ಬೇರೆಯವರನ್ನ ಹುಡುಕೋಣ ಬಿಡಿ" ಅಂದರು ಸಾಹೇಬರು. "ಟಪಾಲು ಕಚೇರಿಯಿಂದ ರಿಟೈರಾದವರೊಬ್ಬರು ಕೇಳ್ತಿದ್ರು. ಬಹಳ ನಿಧಾನದ ಮನುಷ್ಯ."

"ಸಾಕು" ಅಂದಳು ಅಕ್ಕ. ಬೇಕು ಅಂತಲೋ ಬೇಡ ಅಂತಲೋ ಅಂತ ಸಾಹೇಬರು ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ತೂಗಿದಳು.

ಮಧ್ಯಾಹ್ನ ಗುಡ್ಡ ಇಳಿಯುವಾಗ ಅವಳ ಕೋಲಿನ ಲಯಕ್ಕೆ ನನ್ನ ಹೆಜ್ಜೆ ತಾನಾಗಿ ಹೊಂದಿತ್ತು. ಹೊತ್ತುಕೊಂಡಿದ್ದೇನೆ ಅಂತ ಗೊತ್ತೇ ಇಲ್ಲದ ಒಂದು ಮೂಟೆ ಇಳಿದಿತ್ತು. ಆದರೂ ಸಣ್ಣದೊಂದು ಮುನಿಸು.

"ಮನೆಗೆ ಹೋಗಬೇಕು ಅಂತ ನನಗನಿಸಿದ್ರೆ ನಾನೇ ಹೇಳ್ತಿದ್ದೆ" ಅಂದೆ.

"ಹೇಳಲಿಲ್ವಲ್ಲ" ಅಂದಳು ಅಕ್ಕ, ಎಲ್ಲೂ ತಡೆಯದೆ.

ನಾಳೆ ಬೆಳಗಿನ ಬಸ್ಸಿಗೆ ಚೀಟಿ ಸಿಕ್ಕಿದೆ. ಕಿಟಕಿ ಪಕ್ಕದ ಜಾಗ.